ಹಳೆಯ ಮಾರುತಿ 800 ಮಿಸ್ಸಿಂಗ್ ಹೊಡೆಯುತ್ತಿದೆಯೇ? ಕಾರಣ ಹಿಡಿಯುವ ಕ್ರಮ ಇಲ್ಲಿದೆ

"ಪ್ಲಗ್ ಬದಲಿಸಿದ್ದಾಯಿತು, ಕಾರ್ಬೊರೇಟರ್ ಕ್ಲೀನ್ ಮಾಡಿಸಿದ್ದಾಯಿತು, ಮಿಸ್ಸಿಂಗ್ ಮಾತ್ರ ಹೋಗಿಲ್ಲ. ಇನ್ನೇನು ಬದಲಿಸಲಿ?" ಹಳೆಯ ಮಾರುತಿ 800, ಓಮ್ನಿ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂಬುದು ಗೊತ್ತಾಗುವ ಮೊದಲು ಕೊಂಡ ಪ್ರತಿ ಬಿಡಿಭಾಗವೂ ಬರೀ ಊಹೆಗೆ ಸುರಿದ ದುಡ್ಡು. ಹುಡುಕುವ ಕೆಲಸಕ್ಕೆ ಬೇಕಾಗುವುದು ಒಂದು ಬೆಳಗಿನ ಬಿಡುವು ಮತ್ತು ಕೆಲವೇ ಸಾಮಾನು.

ಈ ಲೇಖನ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನನ್ನು ಮುಂದಿಟ್ಟುಕೊಂಡು ಬರೆದದ್ದು. 1983ರ ಕೊನೆಯಲ್ಲಿ ರಸ್ತೆಗಿಳಿದ 800, 2014ರವರೆಗೆ ತಯಾರಾಯಿತು. ಹಳೆಯವು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಭಾಗ) ಗಾಡಿಗಳು. 2000ದ ಆಸುಪಾಸಿನಿಂದ ಎಂಪಿಎಫ್‌ಐ ಬಂತು, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ. ನಾಲ್ಕು ಸಿಲಿಂಡರಿನ ಹಳೆಯ ಝೆನ್, ಸ್ಯಾಂಟ್ರೊಗಳಿಗೂ ಇದೇ ಕ್ರಮ ನಡೆಯುತ್ತದೆ, ಅಳತೆಗಳು ಮಾತ್ರ ಆಯಾ ಗಾಡಿಯವು.

ಸಿಲಿಂಡರಿನೊಳಗೆ ಹೋದ ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಾಗಿ ಉರಿಯದೆ ಹೊರಬಿದ್ದರೆ ಅದೇ ಮಿಸ್ಸಿಂಗ್. ಉರಿಯಲು ಮೂರು ಬೇಕು: ಸರಿಯಾದ ಹೊತ್ತಿಗೆ ಬಲವಾದ ಕಿಡಿ, ಹದವಾದ ಮಿಶ್ರಣ, ಸಾಕಷ್ಟು ಕಂಪ್ರೆಷನ್ (ಪಿಸ್ಟನ್ ಮೇಲೆ ಬಂದಾಗ ಒಳಗೆ ಹುಟ್ಟುವ ಒತ್ತಡ). ಮೂರು ಸಿಲಿಂಡರಿನಲ್ಲಿ ಒಂದು ಮಲಗಿದರೆ ಮೂರರಲ್ಲೊಂದು ಪಾಲು ಶಕ್ತಿಯೇ ಹೋಯಿತು. ಹಾಗಾಗಿ 800ರಲ್ಲಿ ಮಿಸ್ಸಿಂಗ್ ಮುಚ್ಚಿಡಲು ಆಗುವುದಿಲ್ಲ, ಗೇರ್ ಲಿವರ್ ಸಮೇತ ಇಡೀ ಗಾಡಿ ಅದುರುತ್ತದೆ.

ಆದರೆ ಅದುರುವುದೆಲ್ಲ ಮಿಸ್ಸಿಂಗ್ ಅಲ್ಲ. ಮೂರು ಸಿಲಿಂಡರ್ ಎಂಜಿನ್ ಐಡ್ಲಿಂಗಿನಲ್ಲಿ ಸ್ವಲ್ಪ ನಡುಗುವುದು ಅದರ ಸ್ವಭಾವ. ರಬ್ಬರ್ ಮೌಂಟಿಂಗ್ ಬಿರುಕು ಬಿಟ್ಟಿದ್ದರೆ ಆ ನಡುಕ ಸೀಟಿನವರೆಗೂ ಬರುತ್ತದೆ. ಸೈಲೆನ್ಸರ್ ಬಾಯಿಯ ಬಳಿ ನಿಂತು ಆಲಿಸಿ. ಸದ್ದು ಒಂದೇ ಸಮನೆ ಬರುತ್ತಿದ್ದು ಗಾಡಿ ಮಾತ್ರ ಅದುರುತ್ತಿದ್ದರೆ ಮೌಂಟಿಂಗ್ ನೋಡಿ. ಸದ್ದಿನಲ್ಲೇ "ಪುಟ್... ಪುಟ್‌ಪುಟ್..." ಎಂದು ಲಯ ತಪ್ಪುತ್ತಿದ್ದರೆ ಮುಂದೆ ಓದಿ.

ಬೇಕಾದ ಸಾಮಾನು

ಪ್ಲಗ್ ಪಾನ (21 ಎಂಎಂ), ಫೀಲರ್ ಗೇಜ್ (ತೆಳು ಸಂದಿನ ಅಳತೆ ಪಟ್ಟಿ), ಮಲ್ಟಿಮೀಟರ್, ಚೆನ್ನಾಗಿರುವ ಒಂದು ಹೆಚ್ಚುವರಿ ಪ್ಲಗ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ತುಂಡು ವೈರ್, ನೀರು ಸಿಂಪಡಿಸುವ ಬಾಟಲಿ, ಒಣ ರಬ್ಬರ್ ಗ್ಲೌಸ್, ಗುರುತು ಹಾಕಲು ಟೇಪು. ಕಂಪ್ರೆಷನ್ ಗೇಜ್ ಕೊನೆಯ ಹಂತಕ್ಕೆ ಮಾತ್ರ ಬೇಕು. ಆಗ ಪರಿಚಯದ ಗ್ಯಾರೇಜಿನಿಂದ ಎರವಲು ತಂದರಾಯಿತು.

ಕೆಲಸವನ್ನು ಬಯಲಿನಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಪ್ರಾಣಕ್ಕೇ ಅಪಾಯ. ಪ್ಲಗ್ ವೈರಿನಲ್ಲಿ ಹತ್ತು-ಇಪ್ಪತ್ತು ಸಾವಿರ ವೋಲ್ಟ್ ಹರಿಯುತ್ತದೆ, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

1. ಯಾವಾಗ ಮಿಸ್ ಆಗುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ

ಈ ಹಂತವನ್ನು ಹಾರಿಸಿಬಿಡುವವರೇ ಹೆಚ್ಚು, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಮಳೆ ಬಂದಾಗ, ಮಂಜು ಬಿದ್ದ ಬೆಳಿಗ್ಗೆ ಮಾತ್ರ ಮಿಸ್ಸಿಂಗ್, ಬಿಸಿಲು ಹತ್ತಿದ ಮೇಲೆ ಸರಿಹೋಗುತ್ತದೆ ಎಂದಾದರೆ ಪ್ಲಗ್ ವೈರ್ ಇಲ್ಲವೇ ಡೆಲ್ಕೋ ಕ್ಯಾಪಿನಲ್ಲಿ ಕರೆಂಟ್ ಸೋರುತ್ತಿದೆ. (ಗ್ಯಾರೇಜಿನಲ್ಲಿ ಡೆಲ್ಕೋ ಎನ್ನುವುದು ಡಿಸ್ಟ್ರಿಬ್ಯೂಟರಿಗೆ. ಬ್ಯಾಟರಿಯ ವೋಲ್ಟೇಜ್ ಏರಿಸುವ ಕಾಯಿಲಿನಿಂದ ಬಂದ ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ ಅದು.) ಮಲೆನಾಡು, ಕರಾವಳಿಯ ಹಳೆಯ ಗಾಡಿಗಳಲ್ಲಿ ಜೂನ್ ಬಂತೆಂದರೆ ಇದು ಶುರುವಾಗುತ್ತದೆ.

ಚಾರ್ಮಾಡಿ, ಆಗುಂಬೆಯಂಥ ಘಾಟಿ ಹತ್ತುವಾಗ ಅಥವಾ ಟಾಪ್ ಗೇರಿನಲ್ಲಿ ಜೋರಾಗಿ ರೇಸ್ ಕೊಟ್ಟಾಗ ಮಾತ್ರ ಜರ್ಕ್ ಹೊಡೆದರೆ ಎರಡು ಅನುಮಾನ. ಒಂದು, ಕಿಡಿ ದುರ್ಬಲ. ಲೋಡ್ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಇನ್ನೊಂದು, ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಸೋತಿದೆ.

ಐಡ್ಲಿಂಗಿನಲ್ಲಿ ಮಾತ್ರ ಲಯ ತಪ್ಪಿ, ರೇಸ್ ಕೊಟ್ಟರೆ ನಯವಾದರೆ ಗಾಳಿ ಸೋರಿಕೆ, ಕಟ್ಟಿದ ಐಡಲ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರ) ಅಥವಾ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಬಿಗಿಯಾಗಿ ಪೂರ್ತಿ ಮುಚ್ಚಿಕೊಳ್ಳದ ವಾಲ್ವ್. ಬಿಸಿಯಾದ ಮೇಲೆ ಮಾತ್ರ ಬಂದರೆ ಕಾಯಿಲ್, ಕಂಡೆನ್ಸರ್ (ಡೆಲ್ಕೋದ ಪಾಯಿಂಟ್ ಸುಡದಂತೆ ಕಾಯುವ ಭಾಗ) ಅಥವಾ ಎಲೆಕ್ಟ್ರಾನಿಕ್ ಇಗ್ನಿಶನ್ ಮಾಡ್ಯೂಲ್ ಕಡೆ ನೋಡಿ. ಇವು ತಣ್ಣಗಿದ್ದಾಗ ಪರೀಕ್ಷಿಸಿದರೆ "ಎಲ್ಲಾ ಸರಿ ಇದೆ" ಎಂದೇ ತೋರಿಸುತ್ತವೆ. ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಅಳೆಯಬೇಕು.

ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಾದರೆ ನಿಮ್ಮ ಕೆಲಸ ಇನ್ನೂ ಹಗುರ. ಸ್ವಿಚ್ ಬದಲಿಸಿ ಎರಡರಲ್ಲೂ ಓಡಿಸಿ. ಎಲ್‌ಪಿಜಿಯಲ್ಲಿ ಮಿಸ್ ಆಗಿ ಪೆಟ್ರೋಲಿನಲ್ಲಿ ಸರಿಯಿದ್ದರೆ ಹೆಚ್ಚಿನ ಸಲ ಕಿಡಿಯ ದೌರ್ಬಲ್ಯವೇ ಕಾರಣ, ಏಕೆಂದರೆ ಗ್ಯಾಸಿಗೆ ಕಿಡಿ ಹತ್ತಿಸಲು ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲಿನಲ್ಲಿ ಮಿಸ್ ಆಗಿ ಗ್ಯಾಸಿನಲ್ಲಿ ಸರಿಯಿದ್ದರೆ ಪೆಟ್ರೋಲ್ ದಾರಿಯಲ್ಲೇ ದೋಷ. ಎರಡರಲ್ಲೂ ಒಂದೇ ಥರ ಮಿಸ್ ಆದರೆ ಕಿಡಿ, ಗಾಳಿ ಸೋರಿಕೆ ಅಥವಾ ಕಂಪ್ರೆಷನ್.

2. ಯಾವ ಸಿಲಿಂಡರ್ ಎಂದು ಹಿಡಿಯಿರಿ

ಟೈಮಿಂಗ್ ಬೆಲ್ಟ್ ಇರುವ ತುದಿಯದು ಒಂದನೇ ಸಿಲಿಂಡರ್. ಪ್ಲಗ್ ವೈರ್‌ಗಳಿಗೆ 1, 2, 3 ಎಂದು ಟೇಪು ಅಂಟಿಸಿಯೇ ಮುಂದುವರಿಯಿರಿ. ಈ ಎಂಜಿನ್ನಿನ ಫೈರಿಂಗ್ ಆರ್ಡರ್ (ಕಿಡಿ ಹೊಡೆಯುವ ಸರದಿ) 1-3-2. ವೈರ್ ಅದಲುಬದಲಾದರೆ ಬ್ಯಾಕ್ ಫೈರ್ ಹೊಡೆದು ಹೊಸದೊಂದು ತಲೆನೋವು ಶುರುವಾಗುತ್ತದೆ.

ಓಡುತ್ತಿರುವ ಎಂಜಿನ್ನಿನಿಂದ ವೈರನ್ನು ಕಿತ್ತು ಗಾಳಿಯಲ್ಲಿ ಹಿಡಿಯುವುದು ಗ್ಯಾರೇಜುಗಳಲ್ಲಿ ರೂಢಿ. ನೀವು ಹಾಗೆ ಮಾಡಬೇಡಿ. ಹೊರಹೋಗಲು ದಾರಿ ಸಿಗದ ಕಿಡಿ ಕಾಯಿಲನ್ನೋ ಎಲೆಕ್ಟ್ರಾನಿಕ್ ಮಾಡ್ಯೂಲನ್ನೋ ಸುಡಬಹುದು, ನಿಮ್ಮ ಕೈಗೂ ಹೊಡೆಯುತ್ತದೆ. ಸುರಕ್ಷಿತ ವಿಧಾನ ಹೀಗೆ: ಎಂಜಿನ್ ಆಫ್ ಮಾಡಿ. ಒಂದನೇ ಪ್ಲಗ್ಗಿನ ವೈರ್ ತೆಗೆದು ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಲೋಹದ ಮೈಯನ್ನು ಕ್ಲಿಪ್ ವೈರಿನಿಂದ ಎಂಜಿನ್ನಿನ ಲೋಹಕ್ಕೆ ಜೋಡಿಸಿ, ಕಾರ್ಬೊರೇಟರಿನಿಂದ ದೂರ ಇಡಿ. ಈಗ ಸ್ಟಾರ್ಟ್ ಮಾಡಿ, ಐಡ್ಲಿಂಗ್ ಕೇಳಿಸಿಕೊಳ್ಳಿ. ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಸಿಕ್ಕಿದ. ಹೀಗೆ ಮೂರಕ್ಕೂ ಮಾಡಿ.

ಎಂಪಿಎಫ್‌ಐ ಗಾಡಿಯಲ್ಲಿ ಪ್ಲಗ್ ವೈರ್ ಮುಟ್ಟದೆ ಇಂಜೆಕ್ಟರಿನ ಕನೆಕ್ಟರನ್ನು ಒಂದೊಂದಾಗಿ ಬಿಡಿಸಿ ನೋಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋದರೆ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಭಾಗ) ಕಾದು ಕರಗುತ್ತದೆ. ಇಂಜೆಕ್ಟರ್ ಬಿಡಿಸಿದರೆ ಆ ಭಯವಿಲ್ಲ. ಮಿಸ್ಸಿಂಗ್ ಇರುವ ಎಂಪಿಎಫ್‌ಐ ಗಾಡಿಯನ್ನು ದಿನಗಟ್ಟಲೆ ಓಡಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಓಬಿಡಿ-2 ಸಾಕೆಟ್ (ಗಾಡಿಯ ಕಂಪ್ಯೂಟರಿನಿಂದ ದೋಷದ ಸಂಕೇತ ಓದುವ ಜಾಗ) ಇರುವ ಗಾಡಿಯಾದರೆ ಸ್ಕ್ಯಾನರ್ ಹಾಕಿ: ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು. ಪಿ0300 ಬಂದರೆ ದೋಷ ಒಂದು ಸಿಲಿಂಡರಿನಲ್ಲಿ ನಿಂತಿಲ್ಲ ಎಂದರ್ಥ.

ಈ ಹಂತ ಮುಗಿದಾಗ ದಾರಿ ಎರಡಾಗಿ ಒಡೆಯುತ್ತದೆ, ಇದನ್ನು ಚೆನ್ನಾಗಿ ಗಮನಿಸಿ. ಕಾರ್ಬೊರೇಟರ್ ಗಾಡಿಯಲ್ಲಿ ಒಂದೇ ಕಾರ್ಬೊರೇಟರ್ ಮೂರೂ ಸಿಲಿಂಡರಿಗೆ ಮಿಶ್ರಣ ಕೊಡುತ್ತದೆ. ಆದ್ದರಿಂದ ಸತತವಾಗಿ ಒಂದೇ ಸಿಲಿಂಡರ್ ಮಲಗಿದ್ದರೆ ತಪ್ಪು ಕಾರ್ಬೊರೇಟರಿನದ್ದಲ್ಲ. ಆ ಸಿಲಿಂಡರಿನ ಪ್ಲಗ್, ವೈರ್, ಕ್ಯಾಪಿನ ಕಾಲು (ಕಿಡಿ ಆ ವೈರಿಗೆ ದಾಟುವ ಲೋಹದ ತುದಿ), ವಾಲ್ವ್ ಅಥವಾ ಅದರ ಪಕ್ಕದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಮಿಶ್ರಣ ಒಯ್ಯುವ ಕೊಳವೆಯ ಸಂದಿ ಮುಚ್ಚುವ ಪಟ್ಟಿ) ನೋಡಬೇಕು. ಇಂಥ ಗಾಡಿಗಳ ಕಾರ್ಬೊರೇಟರನ್ನು ಬಿಚ್ಚಿ ಬಿಚ್ಚಿ ಹಾಳುಗೆಡವಿದ್ದೇ ಹೆಚ್ಚು. ಅದೇ, ಮಿಸ್ಸಿಂಗ್ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಎಂದು ತಿರುಗುತ್ತಿದ್ದರೆ ಎಲ್ಲಕ್ಕೂ ಸೇರಿದ ಭಾಗಗಳು ಅನುಮಾನಕ್ಕೆ ಬರುತ್ತವೆ: ಕಾಯಿಲ್, ರೋಟರ್ (ಡೆಲ್ಕೋ ಒಳಗೆ ತಿರುಗುತ್ತ ಕಿಡಿ ಹಂಚುವ ತುಂಡು), ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಕಾರ್ಬೊರೇಟರ್, ಪೆಟ್ರೋಲ್ ಪಂಪ್.

3. ಪ್ಲಗ್ ಬಿಚ್ಚಿ ಓದಿ

ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂನದು, ಬಿಸಿಯಲ್ಲಿ ಅದರ ಮರೆ (ಥ್ರೆಡ್) ಕಿತ್ತುಬರಬಹುದು. ಬಿಚ್ಚುವ ಮೊದಲು ಪ್ಲಗ್ ಬುಡದ ಮಣ್ಣು ಊದಿ ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಮೂರನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು ಹೋಲಿಸಿ.

ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಚೋಕ್ ಪೂರ್ತಿ ತೆರೆಯುತ್ತಿಲ್ಲ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಪೆಟ್ರೋಲಿನಲ್ಲಿ ತೊಯ್ದು ವಾಸನೆ ಬರುತ್ತಿದ್ದರೆ ಆ ಸಿಲಿಂಡರಿನಲ್ಲಿ ಕಿಡಿ ಇಲ್ಲ ಅಥವಾ ಕಂಪ್ರೆಷನ್ ಇಲ್ಲ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀಟು ಕಂಡರೆ ಕಿಡಿ ಒಳಗೆ ಹೋಗದೆ ಹೊರಮೈಯಲ್ಲೇ ಹಾರುತ್ತಿದೆ. ಆ ಪ್ಲಗ್ ಎಸೆಯಿರಿ, ಒರೆಸಿ ಹಾಕಿದರೆ ಮತ್ತೆ ಅದೇ ಕಥೆ.

ಸಂದಿ 0.7ರಿಂದ 0.8 ಎಂಎಂ ಇರಲಿ. ಹೊಸ ಪ್ಲಗ್ಗನ್ನೂ ಅಳೆದೇ ಹಾಕಿ, ಡಬ್ಬಿಯಿಂದ ಬಂದದ್ದೆಲ್ಲ ಸರಿಯಾಗಿರುತ್ತದೆ ಎಂದುಕೊಳ್ಳಬೇಡಿ. ಅಂಗಡಿಯಲ್ಲಿ ಈಗಲೂ ಹಲವರು "ಮೈಕೋ ಪ್ಲಗ್" ಎಂದೇ ಕೇಳುತ್ತಾರೆ. ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು, ಹುಡುಕುವಾಗ ಆ ಹೆಸರಿನಲ್ಲಿ ನೋಡಿ. ಯಾವ ಕಂಪನಿಯದಾದರೂ ಸರಿ, ಹೀಟ್ ರೇಂಜ್ (ಪ್ಲಗ್ ಶಾಖ ಬಿಟ್ಟುಕೊಡುವ ಶಕ್ತಿಯ ಅಂಕಿ) ನಿಮ್ಮ ಮಾಡೆಲಿಗೆ ಹೊಂದಬೇಕು.

ಈಗ ಮಲಗಿದ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ, ಅಲ್ಲಿಯದನ್ನು ಇಲ್ಲಿಗೆ ಹಾಕಿ ಓಡಿಸಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ಗೇ ಕಾರಣ. ಪೈಸೆ ಖರ್ಚಿಲ್ಲದ ಈ ಪರೀಕ್ಷೆಯಷ್ಟು ನಂಬಿಕಸ್ಥ ಪರೀಕ್ಷೆ ಇನ್ನೊಂದಿಲ್ಲ.

ಹಾಕುವಾಗ ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ. ಹೊಸ ಪ್ಲಗ್ ಕೂತ ಮೇಲೆ ಪಾನದಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಹಳೆಯದಕ್ಕೆ ಹನ್ನೆರಡರಲ್ಲೊಂದು ಸುತ್ತು ಸಾಕು. ಅಲ್ಯೂಮಿನಿಯಂ ಮರೆ ಹೋದರೆ ಹೆಡ್ ಇಳಿಸುವ ಕೆಲಸ ಬೀಳಬಹುದು.

4. ಕಿಡಿಯ ದಾರಿ: ವೈರ್, ಕ್ಯಾಪ್, ರೋಟರ್, ಪಾಯಿಂಟ್, ಕಾಯಿಲ್

ಹೆಚ್ಚುವರಿ ಪ್ಲಗ್ಗನ್ನು ಮೇಲೆ ಹೇಳಿದಂತೆ ಜೋಡಿಸಿ, ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. ಕಿಡಿ ನೀಲಿಬಿಳಿಯಾಗಿ "ಚಟ್ ಚಟ್" ಸದ್ದು ಮಾಡಬೇಕು. ಹಳದಿ-ಕೆಂಪಾಗಿ ಬಡಕಲಾಗಿದ್ದರೆ ಎಲ್ಲೋ ಶಕ್ತಿ ಸೋರುತ್ತಿದೆ.

ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ವೈರ್‌ಗಳ ಮೇಲೆ ಮತ್ತು ಕ್ಯಾಪಿನ ಸುತ್ತ ನೀರನ್ನು ಮಂಜಿನಂತೆ ಸಿಂಪಡಿಸಿ. ಸೋರುವ ಕಡೆ ನೀಲಿ ಗೆರೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ, ಅದೇ ಕ್ಷಣ ಮಿಸ್ಸಿಂಗೂ ಹೆಚ್ಚುತ್ತದೆ. ತಿರುಗುವ ಬೆಲ್ಟ್, ಫ್ಯಾನ್‌ಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ.

ವೈರ್‌ಗಳನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಕೆಲವು ಸಾವಿರ ಓಮ್‌ನಿಂದ 15 ಸಾವಿರದವರೆಗೆ ಬಂದರೆ ಸಾಮಾನ್ಯ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಹೆಚ್ಚು ತೋರಿಸಿದರೆ, ಅಥವಾ ಬಗ್ಗಿಸಿದಾಗ ಅಂಕಿ ಕುಣಿದರೆ, ಒಳಗೆ ತಂತಿ ತುಂಡಾಗಿದೆ. ವೈರ್ ಎಳೆಯುವಾಗ ತಂತಿ ಹಿಡಿದು ಎಳೆಯಬೇಡಿ, ರಬ್ಬರ್ ಟೊಪ್ಪಿ ಹಿಡಿದು ಎಳೆಯಿರಿ. ಎಷ್ಟೋ ವೈರ್ ಸಾಯುವುದು ಹೀಗೆಯೇ. ಬದಲಿಸುವುದಾದರೆ ಪೂರ್ತಿ ಸೆಟ್ ಬದಲಿಸಿ.

ಕ್ಯಾಪಿನ ಒಳಗೆ ಕೂದಲೆಳೆಯಂಥ ಕಪ್ಪು ಬಿರುಕು, ಕಾಲುಗಳ ಮೇಲೆ ಹಸಿರು-ಬಿಳಿ ಕಿಲುಬು, ನಡುವಿನ ಕಾರ್ಬನ್ ಬೊಟ್ಟು ಸವೆದಿದೆಯೇ ನೋಡಿ. ಬಿರುಕಿದ್ದರೆ ರಿಪೇರಿ ಇಲ್ಲ, ಹೊಸದೇ. ಪಾಯಿಂಟ್ ಇರುವ ಹಳೆಯ ಡೆಲ್ಕೋ ಆದರೆ ಸಂದಿ 0.4ರಿಂದ 0.5 ಎಂಎಂ ಇರಬೇಕು. ಪಾಯಿಂಟ್ ಮೈ ನೀಲಿಗಟ್ಟಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳಕೆ ಎದ್ದಿದ್ದರೆ ಕಂಡೆನ್ಸರನ್ನೂ ಜೊತೆಗೇ ಬದಲಿಸಿ. ಪಾಯಿಂಟ್ ಸಂದಿ ಬದಲಾದರೆ ಟೈಮಿಂಗ್ (ಕಿಡಿ ಹೊಡೆಯುವ ಹೊತ್ತು) ಕೂಡ ಬದಲಾಗುತ್ತದೆ, ಆದ್ದರಿಂದ ಸಂದಿ ಸರಿಮಾಡಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಮತ್ತೆ ನೋಡಲೇಬೇಕು. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಗಾಳಿ ಸೆಳೆತದಿಂದ ಕಿಡಿಯನ್ನು ತುಸು ಮೊದಲೇ ಹೊಡೆಸುವ ಭಾಗ) ಪೈಪನ್ನು ಬಾಯಲ್ಲಿ ಎಳೆದರೆ ಹಿಡಿದು ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಡಯಾಫ್ರಂ ಹರಿದಿದೆ.

5. ಕಳ್ಳದಾರಿಯ ಗಾಳಿ

ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್ ಸೇರುವ ಜಾಗ, ಒಣಗಿ ಸೀಳಿದ ಸಣ್ಣ ರಬ್ಬರ್ ಪೈಪುಗಳು, ಬ್ರೇಕ್ ಬೂಸ್ಟರ್ ಪೈಪು. ಇವುಗಳ ಮೂಲಕ ಲೆಕ್ಕಕ್ಕೆ ಸಿಗದ ಗಾಳಿ ಒಳಹೋದರೆ ಐಡ್ಲಿಂಗ್ ಏರಿಳಿಯುತ್ತದೆ. ಹುಡುಕಲು ಕೆಲವರು ಪೆಟ್ರೋಲ್ ಅಥವಾ ಕಾರ್ಬೊರೇಟರ್ ಕ್ಲೀನರ್ ಎರಚುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಗೆ ಆಹ್ವಾನ. ನೀರನ್ನೇ ಸಣ್ಣಗೆ ಸಿಂಪಡಿಸಿ, ಒಂದೊಂದೇ ಜಾಗಕ್ಕೆ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಪೈಪುಗಳನ್ನು ಪ್ಲೈಯರಿನಿಂದ ಮೆತ್ತಗೆ ಒತ್ತಿ ಮುಚ್ಚಿ ನೋಡುವುದೂ ಚೆನ್ನಾಗಿ ನಡೆಯುತ್ತದೆ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಐಡ್ಲಿಂಗಿನಲ್ಲಿ ಮುಳ್ಳು ಹೆಚ್ಚು ಕುಣಿಯದೆ ನಿಲ್ಲಬೇಕು. ಪುಸ್ತಕಗಳಲ್ಲಿರುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ತೋರಿಸುವುದು ದೋಷವಲ್ಲ.

6. ಪೆಟ್ರೋಲ್

ಇನ್‌ಲೈನ್ ಫಿಲ್ಟರ್ ಬದಲಿಸಿ, ಬೆಲೆ ಅಲ್ಪ. ಫ್ಲೋಟ್ ಚೇಂಬರಿನ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಗುಂಡಿ) ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಡಿ. ತಳದಲ್ಲಿ ನೀರಿನ ಗುಳ್ಳೆ ಅಥವಾ ತುಕ್ಕು ಕಂಡರೆ ಟ್ಯಾಂಕೇ ತೊಳೆಸಬೇಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನ ವಿಷಯ ಹೇಳಲೇಬೇಕು. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಒಂದಿಷ್ಟು ಸರಿದೂಗಿಸುತ್ತದೆ, ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಗ್ಯಾಸ್ಕೆಟ್‌ಗಳು ಊದಿ ಮೆತ್ತಗಾಗಬಹುದು. ಎಥನಾಲ್ ನೀರನ್ನೂ ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದೇ ತಳಕ್ಕಿಳಿದು ಎಂಜಿನ್ ಕೆಮ್ಮುತ್ತದೆ. ಎಥನಾಲ್ ತಾಳುವ ಪೈಪು, ಕಿಟ್ ಕೇಳಿ ಹಾಕಿಸಿ, ಗಾಡಿಯನ್ನು ಅರೆ ಟ್ಯಾಂಕಿನಲ್ಲಿ ಬಹಳ ದಿನ ನಿಲ್ಲಿಸಬೇಡಿ.

ರೇಸ್ ಕೊಟ್ಟಾಗ ಸರಿಯಾಗಿ ಓಡಿ ಕಾಲು ತೆಗೆದ ಕೂಡಲೇ ನಿಂತರೆ ಐಡಲ್ ಜೆಟ್ ಮತ್ತು ಅದರ ಸೊಲೆನಾಯ್ಡ್ ನೋಡಿ. ಸೊಲೆನಾಯ್ಡ್ ಇರುವ ಕಾರ್ಬೊರೇಟರಿನಲ್ಲಿ ಕೀ ಆನ್ ಮಾಡಿದಾಗ "ಟಿಕ್" ಎನ್ನಬೇಕು. ಜೆಟ್ಟಿಗೆ ತಂತಿ ಚುಚ್ಚಬೇಡಿ, ರಂಧ್ರ ದೊಡ್ಡದಾದರೆ ಮೈಲೇಜ್ ಶಾಶ್ವತವಾಗಿ ಹೋಯಿತು. ಗಾಳಿ ಹೊಡೆಸಿ ಅಷ್ಟೇ. ಮಿಕ್ಸ್‌ಚರ್ ಸ್ಕ್ರೂ ಮುಟ್ಟುವ ಮೊದಲು ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ, ತಳ ತಾಗಿದ ಮೇಲೆ ಬಿಗಿಮಾಡಬೇಡಿ.

ಕಾರ್ಬೊರೇಟರ್ ಗಾಡಿಯಲ್ಲಿ ಎಂಜಿನ್ ಆಯಿಲ್ ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ದರೆ ಮೆಕ್ಯಾನಿಕಲ್ ಪಂಪಿನ ಡಯಾಫ್ರಂ ಹರಿದಿರಬಹುದು. ಆಯಿಲ್ ಬದಲಿಸದೆ ಮುಂದೆ ಓಡಿಸಬೇಡಿ.

ಎಂಪಿಎಫ್‌ಐ ಆದರೆ ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ, ಹಿಡಿಯನ್ನು ಕಿವಿಗೆ ಒತ್ತಿ. "ಟಿಕ್ ಟಿಕ್" ಕೇಳದ ಇಂಜೆಕ್ಟರಿನ ಓಮ್ ಅಳೆಯಿರಿ, ಹೆಚ್ಚಿನವುಗಳಲ್ಲಿ 12ರಿಂದ 16 ಬರುತ್ತದೆ. ಅಳತೆ ಸರಿಯಿದ್ದರೆ ಕನೆಕ್ಟರಿನ ಕಿಲುಬು ಒರೆಸಿ ಮತ್ತೆ ಕೇಳಿ.

7. ಕಂಪ್ರೆಷನ್

ಮೇಲಿನವೆಲ್ಲ ಸರಿಯಿದ್ದೂ ಅದೇ ಸಿಲಿಂಡರ್ ಮಲಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಎಂಜಿನ್ ಬಿಸಿ ಮಾಡಿ (ಈ ಪರೀಕ್ಷೆಗೆ ಮಾತ್ರ ಬಿಸಿಯಿರಬೇಕು), ಮೂರೂ ಪ್ಲಗ್ ಜೋಪಾನವಾಗಿ ಬಿಚ್ಚಿ, ಕಾಯಿಲಿಗೆ ಬರುವ ಕರೆಂಟ್ ತಪ್ಪಿಸಿ. ಎಂಪಿಎಫ್‌ಐ ಆದರೆ ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ಬಿಡಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡು ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಒತ್ತದೆ ಅಳೆದು "ಎಂಜಿನ್ ಹೋಯಿತು" ಎಂದು ತೀರ್ಪು ಕೊಡುವುದು ಸಾಮಾನ್ಯ ತಪ್ಪು.

ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ ಬರುತ್ತದೆ. ಎತ್ತರದ ಊರುಗಳಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ ಬಂದರೆ ಗಾಬರಿ ಬೇಡ. ಒಟ್ಟು ಅಂಕಿಗಿಂತ ಮೂರರ ನಡುವಿನ ಅಂತರ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಬಿದ್ದಿದ್ದರೆ ಪ್ಲಗ್ ರಂಧ್ರದಿಂದ ಒಂದು ಟೀ ಚಮಚ (5 ಎಂಎಲ್) ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದು ಸೋರುತ್ತಿದೆ ಎಂದು ತಿಳಿಯಿರಿ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ಎಂದೂ ನೋಡಿ.

ವಾಲ್ವ್ ಎಂದು ಬಂದರೂ ಕೂಡಲೇ ಹೆಡ್ ಇಳಿಸಲು ಒಪ್ಪಬೇಡಿ. ಮೊದಲು ಟ್ಯಾಪೆಟ್ ಸಂದಿ ಅಳೆಸಿ, ಮ್ಯಾನ್ಯುವಲ್ಲಿನ ಅಳತೆಗೆ ಸೆಟ್ ಮಾಡಿಸಿ, ಮತ್ತೆ ಕಂಪ್ರೆಷನ್ ನೋಡಿ. ಗ್ಯಾಸಿನಲ್ಲಿ ಓಡಿದ ಗಾಡಿಗಳಲ್ಲಿ ವಾಲ್ವ್ ಸೀಟ್ ಬೇಗ ಸವೆದು ವಾಲ್ವ್ ಮೇಲಕ್ಕೆ ಕೂರುತ್ತದೆ, ಸಂದಿ ಮುಚ್ಚಿಹೋಗಿ ವಾಲ್ವ್ ಪೂರ್ತಿ ಮುಚ್ಚದಾಗುತ್ತದೆ. ಬೇಗ ಸೆಟ್ ಮಾಡಿಸಿದರೆ ಸಣ್ಣ ಮಜೂರಿಯಲ್ಲಿ ಮುಗಿಯುತ್ತದೆ, ಬಿಟ್ಟರೆ ಎಕ್ಸಾಸ್ಟ್ ವಾಲ್ವ್ ಸುಟ್ಟು ಹೆಡ್ ಕೆಲಸ ಬೀಳುತ್ತದೆ. ಸುಟ್ಟಿದೆಯೇ ಎಂದು ತಿಳಿಯಲು ಐಡ್ಲಿಂಗಿನಲ್ಲಿ ಒಂದು ಕಾಗದದ ಚೂರನ್ನು ಸೈಲೆನ್ಸರ್ ಬಾಯಿಗೆ ಹಿಡಿಯಿರಿ. ಸಮನಾಗಿ ಹೊರಕ್ಕೆ ತಳ್ಳುವ ಬದಲು ನಡುನಡುವೆ ಒಳಕ್ಕೆ ಸೆಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಮೇಲೆ ಬಲವಾದ ಅನುಮಾನ ಇಡಬಹುದು.

ಗ್ಯಾರೇಜಿಗೆ ಒಯ್ಯುವಾಗ "ಟ್ಯೂನಿಂಗ್ ಮಾಡಿ" ಎಂದು ಹೇಳಬೇಡಿ. ಯಾವ ಸಿಲಿಂಡರ್, ಯಾವ ಹೊತ್ತಿನಲ್ಲಿ, ಪ್ಲಗ್ ಬಣ್ಣ ಏನು, ಮೂರೂ ಕಂಪ್ರೆಷನ್ ಅಂಕಿ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಬಿಚ್ಚಿದ ಹಳೆಯ ಭಾಗಗಳನ್ನು ವಾಪಸ್ ಕೇಳಿ ಪಡೆಯಿರಿ.